ಕಾಗದದ ಹೊಣೆ: ಮಿಲಾನಿನ ರಿಕೋರ್ಡಿ ಭಂಡಾರ ಮತ್ತು ಇಟಲಿಯ ಸ್ವರಲಿಪಿಗಳು



ಸಂಗೀತದ ಕುರಿತ ಉಪನ್ಯಾಸವೆಂದರೆ ಹಾಡಿದವರ, ನುಡಿಸಿದವರ, ರಚಿಸಿದವರ ಬಗ್ಗೆ ಮಾತನಾಡುವುದು ವಾಡಿಕೆ. ಈ ಹೊತ್ತು ನಾನು ಸಂಗೀತದ ಕಾಗದವನ್ನು ಕಾಪಾಡಿದವರ ಬಗ್ಗೆ ಮಾತನಾಡುತ್ತೇನೆ. ಪಾಶ್ಚಾತ್ಯ ಸಂಗೀತದಲ್ಲಿ, ಅದರಲ್ಲೂ ಒಪೇರಾದಂಥ ದೊಡ್ಡ ಸಂಗೀತನಾಟಕದಲ್ಲಿ, ಹಾಡುವವರು ಹತ್ತಾರು ಜನ, ನುಡಿಸುವವರು ಐವತ್ತು ಅರವತ್ತು ಜನ. ಅವರೆಲ್ಲರ ಪಾಲಿನ ಸ್ವರಗಳನ್ನು ಒಂದರ ಕೆಳಗೊಂದು ಸಾಲಾಗಿ ಬರೆದ ದೊಡ್ಡ ಪುಟಗಳ ಕಟ್ಟಿಗೆ ಸ್ಕೋರ್ ಎನ್ನುತ್ತಾರೆ. ಸಂಯೋಜಕನ ಮನಸ್ಸಿನಲ್ಲಿ ಮೂಡಿದ ಇಡೀ ಕೃತಿ ಇರುವುದು ಅಲ್ಲಿಯೇ. ಆ ಕಟ್ಟು ಕಳೆದರೆ ಬಾಯಿಪಾಠದಿಂದ ಅದನ್ನು ಮರಳಿ ಪಡೆಯಲಾಗದು.

ಇಂಥ ಕಟ್ಟುಗಳ ಬಹು ದೊಡ್ಡ ಸಂಗ್ರಹವೊಂದು ಇಟಲಿಯ ಮಿಲಾನ್ ನಗರದಲ್ಲಿದೆ. ಅದರ ಹೆಸರು ರಿಕೋರ್ಡಿ ಐತಿಹಾಸಿಕ ಭಂಡಾರ. ಬ್ರೆರಾ ಅರಮನೆಯ ಬ್ರೈಡೆನ್ಸೆ ರಾಷ್ಟ್ರೀಯ ಗ್ರಂಥಾಲಯದಲ್ಲಿ 2003ರಿಂದ ಅದು ನೆಲೆಸಿದೆ. ಸುಮಾರು 7,800 ಸ್ವರಲಿಪಿ ಹಸ್ತಪ್ರತಿಗಳು, 600ಕ್ಕೂ ಹೆಚ್ಚು ಒಪೇರಾಗಳು, ಸುಮಾರು 10,000 ಲಿಬ್ರೆಟೋಗಳು ಅಂದರೆ ಒಪೇರಾಗಳ ಸಾಹಿತ್ಯಪಠ್ಯಗಳು, ಸಂಯೋಜಕರೂ ಕವಿಗಳೂ ಗಾಯಕರೂ ಬರೆದ ಸುಮಾರು 31,000 ಪತ್ರಗಳು, ಇವಲ್ಲದೆ ರಂಗಸಜ್ಜಿಕೆ ಮತ್ತು ವೇಷಭೂಷಣದ ಚಿತ್ರಗಳು, ಛಾಯಾಚಿತ್ರಗಳು, ಭಿತ್ತಿಪತ್ರಗಳು ಅಲ್ಲಿವೆ. ಸಂಯೋಜಕ ವೆರ್ಡಿಯ 28 ಒಪೇರಾಗಳಲ್ಲಿ 23ರ ಸ್ವಹಸ್ತಪ್ರತಿಗಳು ಅಲ್ಲಿವೆ. ‘ಲಾ ರೊಂದಿನೆ’ ಒಂದನ್ನು ಬಿಟ್ಟರೆ ಪುಚೀನಿಯ ಎಲ್ಲ ಒಪೇರಾಗಳೂ ಅಲ್ಲಿವೆ.

ಇಷ್ಟನ್ನು ಉಳಿಸಿದವರು ಯಾರು? ರಾಜರಲ್ಲ, ಧರ್ಮಪೀಠಗಳಲ್ಲ, ಬಹುಕಾಲ ಸರ್ಕಾರವೂ ಅಲ್ಲ. ಸಂಗೀತದ ಕಾಗದ ತಾನಾಗಿ ಉಳಿಯುವುದಿಲ್ಲ, ಯಾರಾದರೊಬ್ಬರು ‘ಇದು ನನ್ನ ಹೊಣೆ’ ಎಂದಾಗ ಉಳಿಯುತ್ತದೆ. ಇಟಲಿಯಲ್ಲಿ ಆ ಹೊಣೆಯನ್ನು ಮೂರು ಬಗೆಯ ಜನ ಹೊತ್ತರು: ವ್ಯಾಪಾರಿ, ದಾನಿ ಮತ್ತು ಸಂಪಾದಕ. ಇವತ್ತಿನ ನನ್ನ ಮಾತು ಈ ಮೂವರನ್ನು ಕುರಿತದ್ದು.

1. ಲಿಪಿಕಾರನ ಕರಾರು

ಜೊವಾನ್ನಿ ರಿಕೋರ್ಡಿ ಹುಟ್ಟಿದ್ದು 1785ರಲ್ಲಿ, ಮಿಲಾನಿನಲ್ಲಿ. ಪಿಟೀಲು ನುಡಿಸುತ್ತಿದ್ದ, ಹೊಟ್ಟೆಪಾಡಿಗೆ ನಾಟಕಶಾಲೆಗಳಲ್ಲಿ ಸ್ವರಲಿಪಿಯ ನಕಲು ಮಾಡುತ್ತಿದ್ದ. ಅಂದಿನ ನಾಟಕಶಾಲೆಗಳಿಗೆ ಲಿಪಿಕಾರನಿಲ್ಲದೆ ಒಂದು ದಿನವೂ ನಡೆಯುತ್ತಿರಲಿಲ್ಲ. ಸಂಯೋಜಕ ಸ್ಕೋರ್ ಬರೆದು ಕೊಟ್ಟರೆ, ಅದರಿಂದ ಪಿಟೀಲಿನವರಿಗೊಂದು, ಕೊಳಲಿನವರಿಗೊಂದು, ಕಹಳೆಯವರಿಗೊಂದು, ಪ್ರತಿಯೊಬ್ಬ ಗಾಯಕನಿಗೊಂದು ಎಂದು ಬಿಡಿ ಪ್ರತಿಗಳನ್ನು ಬರೆದು ತೆಗೆಯಬೇಕಿತ್ತು. ಮೊದಲ ಪ್ರದರ್ಶನಕ್ಕೆ ಕೆಲವೇ ದಿನಗಳಿರುವಾಗ ಸ್ಕೋರ್ ಕೈಗೆ ಬರುತ್ತಿತ್ತು. ರಾತ್ರಿಯಿಡೀ ಮೇಣದ ಬೆಳಕಿನಲ್ಲಿ ಬರೆದು ಮುಗಿಸುತ್ತಿದ್ದರು.

1807ರಲ್ಲಿ ಜೊವಾನ್ನಿ ಜರ್ಮನಿಯ ಲೈಪ್‌ಜಿಗ್ ನಗರಕ್ಕೆ ಹೋದ. ಅಲ್ಲಿ ಬ್ರೈಟ್‌ಕಾಫ್ ಅಂಡ್ ಹಾರ್ಟೆಲ್ ಎಂಬ ಹೆಸರಾಂತ ಸಂಗೀತ ಪ್ರಕಾಶನ ಸಂಸ್ಥೆಯಲ್ಲಿ ಸ್ವರಲಿಪಿಯನ್ನು ಅಚ್ಚು ಹಾಕುವ ಕೆಲಸ ಕಲಿತ. ಲೋಹದ ತಗಡಿನ ಮೇಲೆ ಐದು ಗೆರೆಗಳನ್ನು ಕೊರೆದು, ಸ್ವರಚಿಹ್ನೆಗಳನ್ನು ಉಕ್ಕಿನ ಅಚ್ಚುಮೊಳೆಗಳಿಂದ ಒಂದೊಂದಾಗಿ ತಟ್ಟಿ ಕೂರಿಸುವ ವಿದ್ಯೆ ಅದು. ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಬಲದಿಂದ ಎಡಕ್ಕೆ ಕೊರೆಯಬೇಕು. ಮಿಲಾನಿಗೆ ಮರಳಿ 1808ರಲ್ಲಿ ಅವನು ತನ್ನ ಪ್ರಕಾಶನವನ್ನು ಆರಂಭಿಸಿದ. 1814ರಲ್ಲಿ ಲಾ ಸ್ಕಾಲಾ ನಾಟಕಶಾಲೆಯ ಲಿಪಿಕಾರನೂ ಪ್ರಾಂಪ್ಟರೂ ಆದ. ಅಲ್ಲಿ ಮಾಡಿಕೊಂಡ ಕರಾರುಗಳಲ್ಲಿ ಅವನ ದೂರದೃಷ್ಟಿ ಕಾಣುತ್ತದೆ. ನಕಲು ಮಾಡಿದ ಕೂಲಿಯ ಜೊತೆಗೆ, ತನ್ನ ಕೈಗೆ ಬಂದ ಕೃತಿಗಳನ್ನು ಅಚ್ಚು ಹಾಕುವ ಹಕ್ಕನ್ನೂ ಅವನು ಬರೆಸಿಕೊಂಡ.

ಆ ಕಾಲದಲ್ಲಿ ಹೊಸ ಒಪೇರಾದ ಮೇಲೆ ಎಲ್ಲರಿಗೂ ಪ್ರೀತಿ, ಹಳೆಯದರ ಮೇಲೆ ಯಾರಿಗೂ ಇಲ್ಲ. ಸಂಯೋಜಕನಿಗೆ ಒಂದು ಗಂಟು ಹಣ ಕೊಟ್ಟರೆ ಮುಗಿಯಿತು. ಒಂದೆರಡು ಋತು ಕಳೆದ ಮೇಲೆ ಸ್ಕೋರ್ ನಾಟಕಶಾಲೆಯ ಅಟ್ಟ ಸೇರುತ್ತಿತ್ತು. ಇತರರಿಗೆ ಹಳೆಯ ಕಾಗದವಾಗಿ ಕಂಡದ್ದರಲ್ಲಿ ಜೊವಾನ್ನಿ ಮುಂದಿನ ಹತ್ತಾರು ವರ್ಷಗಳ ಬಾಡಿಗೆಯನ್ನು ಕಂಡ. 1825ರಲ್ಲಿ ಲಾ ಸ್ಕಾಲಾದ ಸಂಗೀತ ಸಂಗ್ರಹವನ್ನೇ ಕೊಂಡ. ರೊಸ್ಸೀನಿ, ಬೆಲ್ಲೀನಿ, ದೊನಿಜೆಟ್ಟಿಯವರ ಕೃತಿಗಳು ಬಂದವು. ತರುಣ ವೆರ್ಡಿಯ ಮೊದಲ ಒಪೇರಾ ‘ಒಬೆರ್ತೊ’ 1839ರಲ್ಲಿ ರಂಗಕ್ಕೆ ಬಂದಾಗ ಅದನ್ನು ಪ್ರಕಟಿಸಿದವನೂ ಅವನೇ.

ಆದರೆ ಕಾಗದ ತನ್ನದಾದರೆ ಸಾಕೆ? ಅಂದಿನ ಇಟಲಿ ಹಲವು ರಾಜ್ಯಗಳಾಗಿ ಹರಿದು ಹಂಚಿಹೋಗಿತ್ತು. ಮಿಲಾನಿನಲ್ಲಿ ಆಡಿದ ಒಪೇರಾವನ್ನು ಪಕ್ಕದ ರಾಜ್ಯದಲ್ಲಿ ಕದ್ದು ಆಡಿದರೆ ಕೇಳುವವರಿರಲಿಲ್ಲ. ಪಿಯಾನೋಗಾಗಿ ಅಚ್ಚಾದ ಪುಸ್ತಕವನ್ನು ಮುಂದಿಟ್ಟುಕೊಂಡು ಯಾವನೋ ಸ್ಥಳೀಯ ಸಂಗೀತಗಾರ ವಾದ್ಯಗಳ ಭಾಗವನ್ನೆಲ್ಲ ತನಗೆ ತೋಚಿದಂತೆ ಬರೆದು, ಅದನ್ನೇ ಮೂಲವೆಂದು ಹಂಚುವುದೂ ಇತ್ತು. 1840ರಲ್ಲಿ ಆಸ್ಟ್ರಿಯಾ ಮತ್ತು ಸಾರ್ಡೀನಿಯಾ ರಾಜ್ಯಗಳು ಕೃತಿಸ್ವಾಮ್ಯದ ಒಪ್ಪಂದ ಮಾಡಿಕೊಂಡವು. ಇಟಲಿಯ ಬೇರೆ ಹಲವು ರಾಜ್ಯಗಳು ಅದಕ್ಕೆ ಸೇರಿದವು. ನೇಪಲ್ಸಿನ ರಾಜ್ಯ ಹೊರಗೇ ಉಳಿಯಿತು. ಇಟಲಿ ಒಂದಾದ ಮೇಲೆ 1865ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂತು. 1882ರಲ್ಲಿ ಮಿಲಾನಿನಲ್ಲೇ ಲೇಖಕರ ಸಂಘ ಸ್ಥಾಪನೆಯಾಯಿತು. ವೆರ್ಡಿ ಅದರ ಸ್ಥಾಪಕರಲ್ಲೊಬ್ಬ.

ಈ ಕಾನೂನಿನ ಕತೆಗೂ ಭಂಡಾರಕ್ಕೂ ನೇರ ಸಂಬಂಧವಿದೆ. ಹಕ್ಕು ಗಟ್ಟಿಯಾದ ಮೇಲೆ ಪ್ರಕಾಶಕ ಸ್ಕೋರನ್ನು ಮಾರುವುದನ್ನು ಬಿಟ್ಟು ಬಾಡಿಗೆಗೆ ಕೊಡತೊಡಗಿದ. ನಾಟಕಶಾಲೆ ಪ್ರತಿಗಳನ್ನು ತರಿಸಿಕೊಂಡು, ಆಡಿ, ಹಿಂದಿರುಗಿಸಬೇಕು. ಹಿಂದಿರುಗಿ ಬಂದದ್ದನ್ನು ಎಣಿಸಬೇಕು, ಹೊಂದಿಸಬೇಕು, ಹರಿದಿದ್ದರೆ ಅಂಟಿಸಬೇಕು. ಬಾಡಿಗೆ ಬರುವ ತನಕ ಮೂಲಪ್ರತಿ ಭದ್ರವಾಗಿರಲೇಬೇಕು. ಹೀಗೆ ಲಾಭದ ಲೆಕ್ಕವೇ ಮೂಲಪ್ರತಿಗೆ ಕಾವಲಾಯಿತು. ಸಂಗೀತದ ಮೇಲಿನ ಭಕ್ತಿಯಿಂದ ಮಾತ್ರ ಇಷ್ಟು ಕಾಗದ ಇಷ್ಟು ವರ್ಷ ಒಂದೇ ಕಡೆ ಉಳಿಯುತ್ತಿತ್ತೆಂದು ನಾನು ನಂಬುವುದಿಲ್ಲ. ಜೊವಾನ್ನಿಯ ಮಗ ತಿತೊ, ಮೊಮ್ಮಗ ಜೂಲಿಯೊ, ಮರಿಮಗ ಎರಡನೆಯ ತಿತೊ ಈ ಮನೆತನದ ಕೆಲಸ ಮುಂದುವರಿಸಿದರು. 1888ರಲ್ಲಿ ಪ್ರತಿಸ್ಪರ್ಧಿ ಲುಕ್ಕಾ ಪ್ರಕಾಶನವೂ ರಿಕೋರ್ಡಿಯ ಕೈಸೇರಿತು. ಅದರೊಂದಿಗೆ ವಾಗ್ನರ್ ಕೃತಿಗಳ ಇಟಲಿಯ ಹಕ್ಕೂ ಬಂತು.

2. ಹಸ್ತಪ್ರತಿ ಏನು ಹೇಳುತ್ತದೆ

ವೆರ್ಡಿಯ ಸ್ವಹಸ್ತಪ್ರತಿಯನ್ನು ಬಲ್ಲವರು ಅದರ ಪುಟವನ್ನು ಎರಡು ಸಲ ಓದುತ್ತಾರೆ. ಕಾರಣ, ಅವನು ಅದನ್ನು ಎರಡು ಸಲ ಬರೆದಿದ್ದಾನೆ. ಮೊದಲ ಹಂತದಲ್ಲಿ ಹಾಡಿನ ಸಾಲು, ಅದರ ಸಾಹಿತ್ಯ, ಕೆಳಗಿನ ಮಂದ್ರದ ಸಾಲು, ನಡುವೆ ಮುಖ್ಯ ವಾದ್ಯಗಳ ಒಂದೆರಡು ಸುಳಿವು ಇಷ್ಟನ್ನೇ ಬರೆಯುತ್ತಿದ್ದ. ಇದನ್ನು ವಿದ್ವಾಂಸರು ಅಸ್ಥಿಪಂಜರ ಪ್ರತಿ ಎಂದು ಕರೆಯುತ್ತಾರೆ. ಲಿಪಿಕಾರರು ಅದರಿಂದ ಗಾಯಕರ ಪಾಠಗಳನ್ನು ತೆಗೆದು ಕೊಡುತ್ತಿದ್ದರು. ಗಾಯಕರು ಬಾಯಿಪಾಠ ಮಾಡತೊಡಗುತ್ತಿದ್ದರು. ಅಷ್ಟರಲ್ಲಿ ವೆರ್ಡಿ ಅದೇ ಪುಟಗಳನ್ನು ಮತ್ತೆ ತೆಗೆದುಕೊಂಡು ಖಾಲಿ ಬಿಟ್ಟ ಸಾಲುಗಳಲ್ಲಿ ವಾದ್ಯಗಳನ್ನು ತುಂಬುತ್ತಿದ್ದ. ಶಾಯಿಯ ಬಣ್ಣದಲ್ಲಿ, ಲೇಖನಿಯ ಮೊನೆಯಲ್ಲಿ ವ್ಯತ್ಯಾಸ ಕಂಡಲ್ಲಿ ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ಎಂದು ಹೇಳಬಹುದು. ರಾಗ ಹುಟ್ಟಿದ ಮೇಲೆ ಅದಕ್ಕೆ ಬಣ್ಣ ಹೇಗೆ ಬಂತು ಎಂಬುದು ಅಚ್ಚಾದ ಪುಸ್ತಕದಲ್ಲಿ ಕಾಣುವುದಿಲ್ಲ, ಅಲ್ಲಿ ಎಲ್ಲ ಸ್ವರಗಳೂ ಒಂದೇ ಕಪ್ಪು.

ಹಸ್ತಪ್ರತಿ ಸರ್ಕಾರದ ಕತ್ತರಿಗೂ ಸಾಕ್ಷಿ. ‘ರಿಗೊಲೆತ್ತೊ’ 1851ರ ಮಾರ್ಚ್ 11ರಂದು ವೆನಿಸ್ಸಿನ ಲಾ ಫೆನೀಚೆಯಲ್ಲಿ ಮೊದಲ ಪ್ರದರ್ಶನ ಕಂಡಿತು. ಸೆನ್ಸಾರಿನವರು ಕತೆಯ ರಾಜನನ್ನು ಡ್ಯೂಕ್ ಮಾಡಿಸಿದ್ದರು, ನಡೆಯುವ ಸ್ಥಳವನ್ನು ಫ್ರಾನ್ಸಿನಿಂದ ಮಾಂಟುವಾಕ್ಕೆ ಎಳೆತಂದಿದ್ದರು. ಅಷ್ಟಕ್ಕೇ ನಿಲ್ಲಲಿಲ್ಲ. ಕೊನೆಯ ಅಂಕದಲ್ಲಿ ಡ್ಯೂಕ್ ಕೊಲೆಗಡುಕನ ವಸತಿಗೃಹಕ್ಕೆ ಬಂದು ಎರಡು ವಸ್ತುಗಳನ್ನು ಕೇಳುತ್ತಾನೆ. ಬಹುಕಾಲ ಹಾಡಿದ ಪಾಠದಲ್ಲಿ ಅವನು ಕೇಳುವುದು ಒಂದು ಕೋಣೆ ಮತ್ತು ದ್ರಾಕ್ಷಾರಸ. ವೆರ್ಡಿ ತನ್ನ ಕೈಯಲ್ಲಿ ಬರೆದದ್ದರಲ್ಲಿ ಅವನು ಕೇಳುವುದು ಆ ಮನುಷ್ಯನ ತಂಗಿಯನ್ನು ಮತ್ತು ದ್ರಾಕ್ಷಾರಸವನ್ನು. ಒಂದೇ ಪದದ ಬದಲಾವಣೆ. ಆದರೆ ಅಧಿಕಾರದ ಮದದಲ್ಲಿರುವವನು ಹೆಣ್ಣನ್ನು ಹೇಗೆ ಕಾಣುತ್ತಾನೆ ಎಂಬ ನಾಟಕದ ಕೇಂದ್ರವೇ ಆ ಪದದಲ್ಲಿದೆ.

ಪುಚೀನಿಯ ‘ಮದಾಮ ಬಟರ್‌ಫ್ಲೈ’ 1904ರ ಫೆಬ್ರವರಿ 17ರಂದು ಲಾ ಸ್ಕಾಲಾದಲ್ಲಿ ಕೂಗಾಟ, ಸಿಳ್ಳೆಗಳ ನಡುವೆ ಸೋತಿತು. ಪುಚೀನಿ ಸ್ಕೋರನ್ನು ಹಿಂದಕ್ಕೆ ತೆಗೆದುಕೊಂಡ. ತಿದ್ದಿದ ರೂಪ ಅದೇ ವರ್ಷ ಮೇ 28ರಂದು ಬ್ರೆಷಿಯಾದಲ್ಲಿ ಗೆದ್ದಿತು. ಮುಂದೆಯೂ ಅವನು ತಿದ್ದುತ್ತಲೇ ಹೋದ. ಸೋತ ಮೊದಲ ರೂಪದ ಕಾಗದಗಳನ್ನು ಯಾರೂ ಒಲೆಗೆ ಹಾಕಲಿಲ್ಲ. ಹಾಗಾಗಿ 2016ರ ಡಿಸೆಂಬರ್ 7ರಂದು, ಲಾ ಸ್ಕಾಲಾದ ಋತು ಆರಂಭವಾಗುವ ಸಂಜೆ, ರಿಕಾರ್ಡೊ ಶೈಯಿ ಅವರ ನಿರ್ದೇಶನದಲ್ಲಿ ಅದೇ ಮೊದಲ ರೂಪ ಅದೇ ನಾಟಕಶಾಲೆಯಲ್ಲಿ ಮತ್ತೆ ಕೇಳಿಸಿತು. ಒಂದು ಶತಮಾನ ಕಳೆದ ಮೇಲೆ ಕೃತಿಗೆ ಮರುವಿಚಾರಣೆ ಸಿಕ್ಕಿತು.

‘ತುರಾಂದೊತ್’ ಕತೆ ಇನ್ನೂ ಕರುಣಾಜನಕ. ಪುಚೀನಿ 1924ರ ನವೆಂಬರ್ 29ರಂದು ಬ್ರಸೆಲ್ಸಿನಲ್ಲಿ ತೀರಿಕೊಂಡಾಗ ಕೊನೆಯ ದೃಶ್ಯ ಮುಗಿದಿರಲಿಲ್ಲ. ಉಳಿದದ್ದು 23 ಹಾಳೆಗಳ ಕರಡು: ಅವಸರದ ಗೀಟುಗಳು, ಅಡ್ಡ ಹೊಡೆದ ಸ್ವರಗಳು, ತನಗೆ ತಾನೇ ಬರೆದುಕೊಂಡ ಸೂಚನೆಗಳು. ಅವುಗಳಲ್ಲೊಂದು ವಾಗ್ನರನ ‘ತ್ರಿಸ್ತಾನ್’ ಅನ್ನು ನೆನೆಯುತ್ತದೆ. ಸಂಯೋಜಕ ಫ್ರಾಂಕೊ ಅಲ್ಫಾನೊ ಆ ಹಾಳೆಗಳಿಂದ ಕೊನೆಯನ್ನು ಕಟ್ಟಿದ. 1926ರ ಏಪ್ರಿಲ್ 25ರ ಮೊದಲ ಪ್ರದರ್ಶನದಲ್ಲಿ ವಾದ್ಯವೃಂದದ ನಿರ್ದೇಶಕ ತೊಸ್ಕನೀನಿ ಪುಚೀನಿಯ ಕೈ ನಿಂತಲ್ಲಿ ತಾನೂ ನಿಲ್ಲಿಸಿ ಕೆಳಗಿಳಿದ. 2001ರಲ್ಲಿ ಲುಚಿಯಾನೊ ಬೆರಿಯೊ ಅವೇ ಹಾಳೆಗಳನ್ನು ಓದಿ ಬೇರೆಯೇ ಮುಕ್ತಾಯ ಬರೆದ. ಹಾಳೆಗಳು ಉಳಿದಿರುವ ತನಕ ಮುಂದೆ ಬರುವವನೂ ಅವುಗಳನ್ನು ತನ್ನ ಕಣ್ಣಿನಿಂದಲೇ ಓದಬಹುದು.

3. ಪತ್ರಗಳು, ರಿಜಿಸ್ಟರುಗಳು, ಭಿತ್ತಿಪತ್ರಗಳು

ಭಂಡಾರವೆಂದರೆ ಸ್ಕೋರ್ ಮಾತ್ರ ಎಂದುಕೊಂಡವರಿಗೆ ಅಲ್ಲಿನ ವ್ಯವಹಾರದ ಕಾಗದಗಳನ್ನು ತೋರಿಸಬೇಕು. ಪ್ರಕಾಶನಕ್ಕೆ ಬಂದ ಪತ್ರಗಳಿವೆ, ಕಳಿಸಿದ ಪತ್ರಗಳ ನಕಲುಗಳ ಸಂಪುಟಗಳಿವೆ. ‘ಲಿಬ್ರೊನಿ’ ಎಂದು ಕರೆಯುವ ದೊಡ್ಡ ರಿಜಿಸ್ಟರುಗಳಿವೆ. ಪ್ರತಿಯೊಂದು ಮುದ್ರಣಕ್ಕೂ ತಗಡಿನ ಸಂಖ್ಯೆ ಕೊಟ್ಟು ಅವುಗಳಲ್ಲಿ ದಾಖಲಿಸುತ್ತಿದ್ದರು. ಇಂದು ಯಾವುದಾದರೂ ಹಳೆಯ ಮನೆಯಲ್ಲಿ ತಾರೀಖಿಲ್ಲದ ರಿಕೋರ್ಡಿ ಪುಸ್ತಕ ಸಿಕ್ಕರೆ, ಪುಟದ ಅಡಿಯಲ್ಲಿರುವ ಆ ಸಂಖ್ಯೆಯಿಂದ ಅದರ ಕಾಲವನ್ನು ಹೇಳಬಹುದು. ಗುಮಾಸ್ತನೊಬ್ಬನ ದಿನನಿತ್ಯದ ಶಿಸ್ತು ಇತಿಹಾಸಕಾರನಿಗೆ ಪಂಚಾಂಗವಾಗಿದೆ.

ಪತ್ರಗಳಲ್ಲಿ ಕಾಣುವ ಮುಖ್ಯ ಮನುಷ್ಯ ಜೂಲಿಯೊ ರಿಕೋರ್ಡಿ. 1840ರಲ್ಲಿ ಹುಟ್ಟಿ 1912ರಲ್ಲಿ ತೀರಿಕೊಂಡ ಅವನು ಸ್ವತಃ ಸಂಗೀತ ರಚಿಸುತ್ತಿದ್ದ. ‘ಐದಾ’ 1871ರ ಡಿಸೆಂಬರಿನಲ್ಲಿ ಕೈರೊದಲ್ಲಿ ರಂಗಕ್ಕೆ ಬಂದ ಮೇಲೆ, 1874ರ ರೆಕ್ವಿಯಂ ಮುಗಿದ ಮೇಲೆ, ವೆರ್ಡಿ ಒಪೇರಾ ಸಾಕೆಂದು ತನ್ನ ಜಮೀನಿನ ಕೆಲಸದಲ್ಲಿ ತೊಡಗಿದ್ದ. ಕವಿ ಬೊಯ್ಟೊನಿಗೂ ವೆರ್ಡಿಗೂ ಹಳೆಯ ಮುನಿಸಿತ್ತು. 1879ರಲ್ಲಿ ಜೂಲಿಯೊ ಇಬ್ಬರನ್ನೂ ಹತ್ತಿರ ತಂದು, ಷೇಕ್ಸ್‌ಪಿಯರನ ‘ಒಥೆಲೊ’ ಕತೆಯನ್ನು ಮಾತಿನ ನಡುವೆ ಇಳಿಬಿಟ್ಟ. ವೆರ್ಡಿ ಒಪ್ಪಿಕೊಂಡೆ ಎಂದು ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಒತ್ತಾಯ ಮಾಡಿದರೆ ಹಿಂದೆ ಸರಿಯುತ್ತಾನೆಂದು ತಿಳಿದ ಜೂಲಿಯೊ ಆ ಯೋಜನೆಗೆ ‘ಚಾಕೊಲೇಟ್’ ಎಂಬ ಗುಟ್ಟಿನ ಹೆಸರಿನಲ್ಲೇ ಪತ್ರವ್ಯವಹಾರ ನಡೆಸಿದ. ಕಾದು, ಓಲೈಸಿ, ಮೌನವಾಗಿದ್ದು, ಮತ್ತೆ ನೆನಪಿಸಿ, ಕೊನೆಗೆ 1887ರ ಫೆಬ್ರವರಿ 5ರಂದು ‘ಒತೆಲ್ಲೊ’ ಲಾ ಸ್ಕಾಲಾದಲ್ಲಿ ಬಂತು. ಆರು ವರ್ಷಗಳ ಮೇಲೆ, 1893ರ ಫೆಬ್ರವರಿ 9ರಂದು, ವೆರ್ಡಿಯ 79ನೆಯ ವಯಸ್ಸಿನಲ್ಲಿ ‘ಫಾಲ್‌ಸ್ಟಾಫ್’ ಬಂತು. ಜಗತ್ತಿನ ಎರಡು ಶ್ರೇಷ್ಠ ಒಪೇರಾಗಳ ಹುಟ್ಟಿನಲ್ಲಿ ಪ್ರಕಾಶಕನ ತಾಳ್ಮೆಗೂ ಪಾಲಿದೆ. ಇದು ನಮಗೆ ಗೊತ್ತಾದದ್ದು ಪತ್ರಗಳು ಉಳಿದದ್ದರಿಂದ.

ಪುಚೀನಿಯ ‘ಎದ್ಗಾರ್’ 1889ರಲ್ಲಿ ಸೋತಾಗ ಈ ಹುಡುಗನನ್ನು ಕೈಬಿಡಿ ಎಂದು ಸಂಸ್ಥೆಯೊಳಗಿನವರೇ ಹೇಳಿದರು. ಜೂಲಿಯೊ ಕೇಳಲಿಲ್ಲ, ಅವನ ತಿಂಗಳ ಹಣ ನಿಲ್ಲಿಸಲಿಲ್ಲ. 1893ರಲ್ಲಿ ‘ಮನೊನ್ ಲೆಸ್ಕೊ’, 1896ರಲ್ಲಿ ‘ಲಾ ಬೊಯೆಮ್’, 1900ರಲ್ಲಿ ‘ತೊಸ್ಕಾ’ ಬಂದವು. ಆದರೆ ನಂಬಿಕೆಯೆಂದರೆ ಹೊಗಳಿಕೆಯಲ್ಲ. 1899ರ ಅಕ್ಟೋಬರಿನಲ್ಲಿ ‘ತೊಸ್ಕಾ’ದ ಮೂರನೆಯ ಅಂಕ ಓದಿದ ಜೂಲಿಯೊ, ಇದು ದೊಡ್ಡ ತಪ್ಪು ಎಂದು ಮುಲಾಜಿಲ್ಲದೆ ಬರೆದ. ಪುಚೀನಿ ಮರುಟಪಾಲಿನಲ್ಲಿ ಗೌರವದಿಂದ, ಆದರೆ ಜಗ್ಗದೆ ಉತ್ತರಿಸಿ ತನ್ನ ಅಂಕವನ್ನು ಹಾಗೆಯೇ ಉಳಿಸಿಕೊಂಡ. ಒಬ್ಬರನ್ನೊಬ್ಬರು ಗೌರವಿಸುವವರು ಹೇಗೆ ಭಿನ್ನಾಭಿಪ್ರಾಯ ಹೇಳಬೇಕೆಂಬುದಕ್ಕೆ ಆ ಎರಡು ಪತ್ರಗಳು ಪಾಠ.

ಚಿತ್ರಗಳ ವಿಭಾಗವೂ ಸಣ್ಣದಲ್ಲ. ‘ಫಾಲ್‌ಸ್ಟಾಫ್’ಗೆ ಅಡೊಲ್ಫ್ ಹೊಹೆನ್‌ಸ್ಟೈನ್ ಬರೆದ ಉಡುಪು, ರಂಗಸಜ್ಜಿಕೆಗಳಿವೆ; ‘ತೊಸ್ಕಾ’ಗೆ ಅವನೇ ರಚಿಸಿದ, ‘ಮದಾಮ ಬಟರ್‌ಫ್ಲೈ’ಗೆ ಮೆಟ್ಲಿಕೋವಿಟ್ಸ್ ರಚಿಸಿದ ಭಿತ್ತಿಪತ್ರಗಳಿವೆ. ನಟರು ಎಲ್ಲಿ ನಿಲ್ಲಬೇಕು, ಎಲ್ಲಿಂದ ಬರಬೇಕು ಎಂದು ವಿವರಿಸುವ ಅಚ್ಚಾದ ರಂಗಸೂಚಿಗಳಿವೆ. ಒಂದು ಒಪೇರಾದ ಸ್ವರ, ಮಾತು, ಬಟ್ಟೆ, ನಡೆ, ಜಾಹೀರಾತು, ಲೆಕ್ಕ ಎಲ್ಲವೂ ಒಂದೇ ಸೂರಿನಡಿ ಸಿಗುವುದೇ ಈ ಭಂಡಾರದ ವೈಶಿಷ್ಟ್ಯ. ಒಂದೊಂದನ್ನೂ ಬೇರೆ ಬೇರೆಯಾಗಿ ಮಾರಿದ್ದರೆ ಪ್ರತಿಯೊಂದೂ ಅಲಂಕಾರದ ವಸ್ತುವಾಗುತ್ತಿತ್ತು.

4. ಯುದ್ಧ ಮತ್ತು ಮಾಲೀಕತ್ವ

1943ರ ಆಗಸ್ಟಿನಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಮಿಲಾನಿನ ಮೇಲೆ ಬಾಂಬು ಸುರಿಸಿದವು. ಲಾ ಸ್ಕಾಲಾದ ಮಾಡು ಕುಸಿಯಿತು. ರಿಕೋರ್ಡಿಯ ಮುದ್ರಣಾಲಯ ನೆಲಸಮವಾಯಿತು. ಅಚ್ಚಾದ ಪ್ರತಿಗಳೂ ಬಾಡಿಗೆಗೆ ಕೊಡುವ ಸಾಮಗ್ರಿಯೂ ಅಪಾರವಾಗಿ ಸುಟ್ಟವು. ಸ್ವಹಸ್ತಪ್ರತಿಗಳು ಉಳಿದವು, ಅವುಗಳನ್ನು ಮೊದಲೇ ಬೇರೆಡೆಗೆ ಸಾಗಿಸಿದ್ದರು. ಅದೇ ದಾಳಿಗಳಲ್ಲಿ ಸೊನ್‌ಜೊನ್ಯೊ ಎಂಬ ಮತ್ತೊಂದು ದೊಡ್ಡ ಪ್ರಕಾಶನದ ಸಂಗ್ರಹ ನಾಶವಾಯಿತು. ‘ಲಾ ರೊಂದಿನೆ’ಯನ್ನು ಪ್ರಕಟಿಸಿದ್ದು ಆ ಸಂಸ್ಥೆಯೇ.

ಸಂಸ್ಥೆ ಕುಟುಂಬದ ಕೈಬಿಟ್ಟದ್ದು 1919ರಲ್ಲಿ, ಎರಡನೆಯ ತಿತೊ ಆಡಳಿತದಿಂದ ಹಿಂದೆ ಸರಿದಾಗ. 1994ರಲ್ಲಿ ಜರ್ಮನಿಯ ಬರ್ಟೆಲ್ಸ್‌ಮನ್ ಸಮೂಹ ರಿಕೋರ್ಡಿಯನ್ನು ಕೊಂಡಿತು. ಒಂದು ದಶಕಕ್ಕೂ ಹೆಚ್ಚು ಕಾಲದ ನಂತರ ಸಂಗೀತ ಪ್ರಕಾಶನದ ವ್ಯವಹಾರವನ್ನು ಯೂನಿವರ್ಸಲ್ ಸಂಸ್ಥೆಗೆ ಮಾರಿದರೂ ಭಂಡಾರವನ್ನು ಮಾರದೆ ತನ್ನಲ್ಲೇ ಇಟ್ಟುಕೊಂಡಿತು. ಕಾಗದಗಳು ಮಿಲಾನ್ ಬಿಡಲಿಲ್ಲ. ಶಿಥಿಲವಾದ ಹಾಳೆಗಳ ದುರಸ್ತಿ, ಪತ್ರಗಳ ಲಿಪ್ಯಂತರ, ಡಿಜಿಟಲ್ ಪ್ರತಿಗಳ ತಯಾರಿ ನಡೆದಿದೆ. ಸಂಗ್ರಹದ ಚಿತ್ರಗಳನ್ನೂ ಪತ್ರಗಳನ್ನೂ ಇಂದು ಯಾರು ಬೇಕಾದರೂ ಮನೆಯಲ್ಲೇ ಕುಳಿತು ನೋಡಬಹುದು. ಬಾಡಿಗೆಯ ಲಾಭ ಮುಗಿದ ಮೇಲೂ ಹೊಣೆ ಮುಗಿಯಲಿಲ್ಲ ಎಂಬುದು ಇಲ್ಲಿ ಮೆಚ್ಚಬೇಕಾದ ಸಂಗತಿ.

5. ಸಂಪಾದಕನ ಕೆಲಸ

ನಮ್ಮ ಹಳಗನ್ನಡ ಕಾವ್ಯಗಳನ್ನು ಓಲೆಗರಿಗಳಿಂದ ಸಂಪಾದಿಸಿದ ಹಿರಿಯರ ಶ್ರಮವನ್ನು ಬಲ್ಲ ಸಭೆಗೆ ಪಾಠಾಂತರವೆಂದರೇನೆಂದು ವಿವರಿಸಬೇಕಿಲ್ಲ. ಸ್ವರಲಿಪಿಯಲ್ಲೂ ಅದೇ ಸಮಸ್ಯೆ. ಲಿಪಿಕಾರ ಅವಸರದಲ್ಲಿ ಒಂದು ಚಿಹ್ನೆ ಬಿಡುತ್ತಾನೆ. ತಗಡು ಕೊರೆಯುವವನು ಇನ್ನೊಂದನ್ನು ಊಹಿಸುತ್ತಾನೆ. ವಾದ್ಯವೃಂದದ ನಿರ್ದೇಶಕ ತನ್ನ ಅನುಕೂಲಕ್ಕೆ ಪೆನ್ಸಿಲಿನಲ್ಲಿ ಬದಲಿಸಿದ್ದು ಮುಂದಿನ ಮುದ್ರಣದಲ್ಲಿ ಅಚ್ಚಾಗುತ್ತದೆ. ಮೂರು ತಲೆಮಾರು ಕಳೆದರೆ ಅದೇ ಸಂಪ್ರದಾಯ.

1950ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯದ ನಿರ್ದೇಶಕ ಡೆನಿಸ್ ವಾನ್ ವೆರ್ಡಿಯ ಸ್ವಹಸ್ತಪ್ರತಿಗಳನ್ನು ಅಚ್ಚಾದ ಪುಸ್ತಕಗಳ ಪಕ್ಕದಲ್ಲಿಟ್ಟು ನೋಡಿದರು. ‘ಫಾಲ್‌ಸ್ಟಾಫ್’ ಒಂದರಲ್ಲೇ ಸುಮಾರು 27,000 ವ್ಯತ್ಯಾಸಗಳಿವೆ ಎಂದು ಸಾರಿದರು. ಇಟಲಿಯಲ್ಲಿ ದೊಡ್ಡ ಕೋಲಾಹಲವೆದ್ದಿತು. ಆ ಲೆಕ್ಕದಲ್ಲಿ ಬಹುಪಾಲು ಸಣ್ಣ ಚುಕ್ಕೆಗಳು, ಜೋಡುಗೆರೆಗಳು. ಕೆಲವು ವ್ಯತ್ಯಾಸಗಳನ್ನು ಮಾಡಿದವನು ವೆರ್ಡಿಯೇ: ಅಚ್ಚಿನ ಕರಡು ತಿದ್ದುವಾಗ, ಮೊದಲ ಪ್ರದರ್ಶನದ ನಂತರ ರೋಮ್ ಮತ್ತು ಪ್ಯಾರಿಸಿಗೆಂದು ಬದಲಿಸುವಾಗ. ಆದ್ದರಿಂದ ಸ್ವಹಸ್ತಪ್ರತಿಯಲ್ಲಿರುವುದೆಲ್ಲ ಸರಿ, ಅಚ್ಚಿನಲ್ಲಿರುವುದೆಲ್ಲ ತಪ್ಪು ಎಂದು ಹೇಳಲಾಗದು. ಆದರೂ ವಾನ್ ಎತ್ತಿದ ಪ್ರಶ್ನೆ ನ್ಯಾಯವಾದದ್ದು. ಮೂಲವನ್ನು ಬೀರುವಿನಲ್ಲಿ ಭದ್ರವಾಗಿಟ್ಟು, ಜಗತ್ತಿಗೆಲ್ಲ ಪರಿಶೀಲಿಸದ ಪ್ರತಿಯನ್ನು ಹಂಚುವುದು ಸಲ್ಲದು.

ಉತ್ತರ ಕೆಲಸದ ರೂಪದಲ್ಲಿ ಬಂತು. ಅಲ್ಬೆರ್ತೊ ಜೆದ್ದಾ ಸಂಪಾದಿಸಿದ ರೊಸ್ಸೀನಿಯ ‘ಸೆವಿಲ್ಲೆಯ ಕ್ಷೌರಿಕ’ವನ್ನು 1969ರಲ್ಲಿ ರಿಕೋರ್ಡಿಯೇ ಪ್ರಕಟಿಸಿತು. ಪೆಸಾರೊ ನಗರದ ರೊಸ್ಸೀನಿ ಪ್ರತಿಷ್ಠಾನ ಅವನ ಎಲ್ಲ ಕೃತಿಗಳ ಸಂಪಾದನೆ ಆರಂಭಿಸಿತು. ಷಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯ ಮತ್ತು ರಿಕೋರ್ಡಿ ಸೇರಿ ವೆರ್ಡಿಯ ಪರಿಷ್ಕೃತ ಆವೃತ್ತಿಯನ್ನು ಕೈಗೊಂಡವು. ಮಾರ್ಟಿನ್ ಚುಸಿದ್ ಸಂಪಾದಿಸಿದ ಮೊದಲ ಸಂಪುಟ ‘ರಿಗೊಲೆತ್ತೊ’ 1983ರಲ್ಲಿ ಬಂತು. ನಾನು ಹೇಳಿದ ತಂಗಿಯ ಪದ ಮರಳಿ ಸ್ಥಾನ ಪಡೆದದ್ದು ಅದರಲ್ಲಿ. ಈ ಎರಡೂ ಯೋಜನೆಗಳಿಗೆ ಬೆನ್ನೆಲುಬಾಗಿದ್ದವರು ಅಮೆರಿಕದ ವಿದ್ವಾಂಸ ಫಿಲಿಪ್ ಗಾಸೆಟ್.

ರೊಸ್ಸೀನಿಯ ‘ರೀಮ್ಸ್ ಯಾತ್ರೆ’ಯ ಕತೆಯನ್ನೂ ಇಲ್ಲಿ ಹೇಳಬೇಕು. ಫ್ರಾನ್ಸಿನ ಹತ್ತನೆಯ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕಕ್ಕೆಂದು 1825ರಲ್ಲಿ ಬರೆದ ಒಪೇರಾ ಅದು. ಕೆಲವೇ ಪ್ರದರ್ಶನಗಳ ನಂತರ ರೊಸ್ಸೀನಿ ಅದನ್ನು ಹಿಂದೆಗೆದುಕೊಂಡು, ಸಂಗೀತದ ಬಹುಭಾಗವನ್ನು 1828ರ ‘ಲೆ ಕೋಂತ್ ಒರಿ’ಯಲ್ಲಿ ಬಳಸಿದ. ಮೂಲ ಕಳೆದೇ ಹೋಯಿತೆಂದು ಎಲ್ಲರೂ ನಂಬಿದ್ದರು. 1970ರ ದಶಕದಲ್ಲಿ ರೋಮಿನ ಸಾಂತಾ ಚೆಚೀಲಿಯಾ ಸಂಗೀತಶಾಲೆಯ ಗ್ರಂಥಾಲಯದಲ್ಲಿ ಅವನ ಸ್ವಹಸ್ತದ ಪುಟಗಳು ಸಿಕ್ಕವು. ಪ್ಯಾರಿಸ್ ಮತ್ತು ವಿಯೆನ್ನಾದ ಕಾಗದಗಳನ್ನು ಜೊತೆಗಿಟ್ಟು ಜಾನೆಟ್ ಜಾನ್ಸನ್ ಕೃತಿಯನ್ನು ಮತ್ತೆ ಕಟ್ಟಿದರು. 1984ರಲ್ಲಿ ಪೆಸಾರೊದಲ್ಲಿ ಕ್ಲಾವ್ದಿಯೊ ಅಬ್ಬಾದೊ ಅದನ್ನು ನಡೆಸಿಕೊಟ್ಟಾಗ ನೂರೈವತ್ತು ವರ್ಷ ಮೌನವಾಗಿದ್ದ ಒಪೇರಾ ಹೊಸದರಂತೆ ಜಗತ್ತನ್ನು ಸುತ್ತಿತು.

6. ಇಬ್ಬರು ತಂದೆಯರ ದತ್ತಿ

ವ್ಯಾಪಾರಿಯ ಕಣ್ಣಿಗೆ ಬೀಳದ ಸಂಗೀತದ ಗತಿಯೇನು? ಇದಕ್ಕೆ ಉತ್ತರ ಟ್ಯೂರಿನ್ ನಗರದಲ್ಲಿದೆ. ಈ ದತ್ತಿ ಉಪನ್ಯಾಸದ ವೇದಿಕೆಗೆ ಬಹಳ ಹತ್ತಿರದ ಕತೆಯಿದು.

ಆಂತೋನಿಯೊ ವಿವಾಲ್ಡಿ 1741ರ ಜುಲೈ 28ರಂದು ವಿಯೆನ್ನಾದಲ್ಲಿ ಬಡವನಾಗಿ ತೀರಿಕೊಂಡ. ಅವನ ಬಳಿ ಉಳಿದಿದ್ದ ಹಸ್ತಪ್ರತಿಗಳು ಕೈಯಿಂದ ಕೈಗೆ ದಾಟಿ, ವೆನಿಸ್ಸಿನಲ್ಲಿ ಆಸ್ಟ್ರಿಯಾದ ರಾಯಭಾರಿಯಾಗಿದ್ದ ಕೌಂಟ್ ಜಾಕೊಮೊ ದುರಾತ್ಸೊನನ್ನು ಸೇರಿದವು. ಆಮೇಲೆ ಅವುಗಳ ಸುದ್ದಿಯಿಲ್ಲ. 1926ರಲ್ಲಿ ಪಿಯೆಮೊಂತೆ ಪ್ರಾಂತದ ಬೊರ್ಗೊ ಸಾನ್ ಮಾರ್ತಿನೊ ಎಂಬ ಊರಿನ ಸಲೇಸಿಯನ್ ಪಾದ್ರಿಗಳ ಶಾಲೆಯವರು, ಕಟ್ಟಡದ ದುರಸ್ತಿಗೆ ಹಣ ಬೇಕಾಗಿ, ತಮ್ಮಲ್ಲಿದ್ದ ಹಳೆಯ ಸಂಗೀತದ ಸಂಪುಟಗಳ ಬೆಲೆ ಕಟ್ಟಿಸಲು ಟ್ಯೂರಿನ್ನಿನ ರಾಷ್ಟ್ರೀಯ ಗ್ರಂಥಾಲಯವನ್ನು ಕೇಳಿದರು. ಗ್ರಂಥಪಾಲ ಲುಯಿಜಿ ತೊರ್ರಿ ಅವನ್ನು ಸಂಗೀತ ವಿದ್ವಾಂಸ ಆಲ್ಬೆರ್ತೊ ಜೆಂತೀಲಿಗೆ ತೋರಿಸಿದರು. ಜೆಂತೀಲಿ ತೆರೆದು ನೋಡಿದರೆ, ಹದಿನಾಲ್ಕು ಸಂಪುಟಗಳ ತುಂಬ ವಿವಾಲ್ಡಿ.

ಗ್ರಂಥಾಲಯದ ಬಳಿ ಹಣವಿರಲಿಲ್ಲ. 1904ರ ಬೆಂಕಿಯಲ್ಲಿ ಅದು ತನ್ನ ಅಮೂಲ್ಯ ಹಸ್ತಪ್ರತಿಗಳನ್ನು ಕಳೆದುಕೊಂಡು ಇನ್ನೂ ಚೇತರಿಸಿಕೊಳ್ಳುತ್ತಿತ್ತು. ಹರಾಜಿಗೆ ಹೋದರೆ ಸಂಗ್ರಹ ಚೆಲ್ಲಾಪಿಲ್ಲಿಯಾಗುತ್ತಿತ್ತು. ಆಗ ಮುಂದೆ ಬಂದವರು ಷೇರು ವ್ಯವಹಾರದ ರೊಬೆರ್ತೊ ಫೊವಾ. ಅವರ ಪುಟ್ಟ ಮಗ ಮೌರೊ ಎಳವೆಯಲ್ಲೇ ತೀರಿಕೊಂಡಿದ್ದ. ಫೊವಾ ಸಂಗ್ರಹವನ್ನು ಕೊಂಡು ಮಗನ ಹೆಸರಿನಲ್ಲಿ ಗ್ರಂಥಾಲಯಕ್ಕೆ ಕೊಟ್ಟರು. ಅಷ್ಟರಲ್ಲಿ ಸಂಪುಟಗಳ ಕ್ರಮಸಂಖ್ಯೆಯಲ್ಲಿ ಖಾಲಿಗಳಿರುವುದನ್ನು ಗಮನಿಸಿದ ಜೆಂತೀಲಿಗೆ ಇನ್ನೊಂದು ಭಾಗ ಎಲ್ಲೋ ಇರಬೇಕೆಂದು ಖಚಿತವಾಯಿತು. ಹುಡುಕಿದಾಗ ಅದು ಜಿನೋವಾದಲ್ಲಿ ದುರಾತ್ಸೊ ವಂಶದ ಹಿರಿಯರೊಬ್ಬರ ಮನೆಯಲ್ಲಿ ಸಿಕ್ಕಿತು. ಬಹಳ ಮಾತುಕತೆಯ ಮೇಲೆ ಅವರು ಮಾರಲು ಒಪ್ಪಿದರು. ಮತ್ತೆ ಹಣ ಬೇಕಾಯಿತು. ಈ ಸಲ ಕೊಟ್ಟವರು ಬಟ್ಟೆ ಉದ್ಯಮಿ ಫಿಲಿಪ್ಪೊ ಜೊರ್ದಾನೊ. ಅವರೂ ರೆನ್ಜೊ ಎಂಬ ಪುಟ್ಟ ಮಗನನ್ನು ಕಳೆದುಕೊಂಡಿದ್ದರು. 1930ರಲ್ಲಿ ಎರಡು ಭಾಗಗಳೂ ಒಂದಾದವು. ಇಂದಿಗೂ ಅವುಗಳ ಹೆಸರು ಮೌರೊ ಫೊವಾ ಸಂಗ್ರಹ, ರೆನ್ಜೊ ಜೊರ್ದಾನೊ ಸಂಗ್ರಹ. ವಿವಾಲ್ಡಿಯ ಸುಮಾರು 450 ಕೃತಿಗಳು ಅವುಗಳಲ್ಲಿವೆ.

ಮುಂದಿನದು ನೋವಿನ ಸಂಗತಿ. 1938ರಲ್ಲಿ ಫ್ಯಾಸಿಸ್ಟ್ ಸರ್ಕಾರ ಜನಾಂಗೀಯ ಕಾನೂನು ತಂದಿತು. ಯಹೂದಿಯಾದ ಜೆಂತೀಲಿ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡರು. 1939ರ ಸೆಪ್ಟೆಂಬರಿನಲ್ಲಿ ಸಿಯೆನಾ ನಗರದಲ್ಲಿ ಸಂಯೋಜಕ ಆಲ್ಫ್ರೆದೊ ಕಸೆಲ್ಲಾ ವಿವಾಲ್ಡಿ ಸಪ್ತಾಹ ನಡೆಸಿದಾಗ, ಇಂದು ಲೋಕಪ್ರಿಯವಾಗಿರುವ ‘ಗ್ಲೋರಿಯಾ’ ಕೇಳುಗರ ಮುಂದೆ ಬಂತು. ಅದನ್ನು ಕಂಡುಹಿಡಿದವರಿಗೆ ಆ ಸಭೆಯಲ್ಲಿ ಜಾಗವಿರಲಿಲ್ಲ. ಯುದ್ಧ ಮುಗಿದ ಮೇಲೆ, 1947ರಲ್ಲಿ, ಆಂತೋನಿಯೊ ಫನ್ನಾ ವಿವಾಲ್ಡಿ ಸಂಸ್ಥೆ ಕಟ್ಟಿದರು. ಜಾನ್ ಫ್ರಾಂಚೆಸ್ಕೊ ಮಲಿಪಿಯೆರೊ ಮುಖ್ಯ ಸಂಪಾದಕರಾಗಿ ವಾದ್ಯಕೃತಿಗಳನ್ನೆಲ್ಲ 1972ರವರೆಗೆ ಹೊರತಂದರು. ಅಚ್ಚು ಹಾಕಿದ ಸಂಸ್ಥೆ ರಿಕೋರ್ಡಿ. ದಾನಿ ಉಳಿಸಿದ್ದನ್ನು ಸಂಪಾದಕ ಓದಿದ, ವ್ಯಾಪಾರಿ ಜಗತ್ತಿಗೆ ಹಂಚಿದ. ಮೂರು ಹೊಣೆಗಳೂ ಒಟ್ಟಿಗೆ ಸೇರಿದ್ದು ಇಲ್ಲಿ.

ದೂರದ ಸಂಗೀತಕ್ಕೆ ದಾನ ಮಾಡಿದ ಹೆಸರು ನಮ್ಮಲ್ಲೂ ಇದೆ. ಲಂಡನ್ನಿನಲ್ಲಿ ಅನಾರೋಗ್ಯದಿಂದ ಬಳಲುತ್ತ ಬಹುಮಟ್ಟಿಗೆ ಮರೆತುಹೋಗಿದ್ದ ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದವರು ಮೈಸೂರಿನ ಜಯಚಾಮರಾಜ ಒಡೆಯರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ. ಒಳ್ಳೆಯ ದತ್ತಿಗೆ ದೇಶಭಾಷೆಗಳ ಗಡಿಯಿಲ್ಲ.

7. ಕೊನೆಯದಾಗಿ

ರಿಕೋರ್ಡಿ ಭಂಡಾರದಿಂದಲೂ ಟ್ಯೂರಿನ್ ಸಂಗ್ರಹದಿಂದಲೂ ನಾನು ಕಲಿತದ್ದು ಮೂರು ಮಾತು. ಮೊದಲನೆಯದು, ಸಂಗ್ರಹವನ್ನು ಒಡೆಯಬಾರದು. ಸ್ಕೋರ್, ಪತ್ರ, ಲೆಕ್ಕ, ಚಿತ್ರ ಒಟ್ಟಿಗಿದ್ದರೆ ಒಂದಕ್ಕೊಂದು ಅರ್ಥ ಕೊಡುತ್ತವೆ. ಎರಡನೆಯದು, ಸೋತ ಕೃತಿಯ ಕಾಗದವನ್ನೂ ತಿದ್ದಿದ ಕರಡನ್ನೂ ಎಸೆಯಬಾರದು. ಯಾವುದು ಮುಂದೆ ಬೇಕಾಗುತ್ತದೆಂದು ಇಂದಿನವರು ತೀರ್ಮಾನಿಸಲಾಗದು. ಮೂರನೆಯದು, ಕಾಪಾಡುವುದು ಅರ್ಧ ಕೆಲಸ. ಓದಬಲ್ಲವರ ಕೈಗೆ ಕೊಟ್ಟಾಗಲೇ ಅದು ಪೂರ್ತಿಯಾಗುತ್ತದೆ. ಬೀಗ ಹಾಕಿದ ಭಂಡಾರಕ್ಕೂ ಸುಟ್ಟ ಭಂಡಾರಕ್ಕೂ ಕೇಳುಗನ ಮಟ್ಟಿಗೆ ವ್ಯತ್ಯಾಸವಿಲ್ಲ.

ಇಲ್ಲಿ ಕುಳಿತಿರುವ ಹಲವರ ಮನೆಗಳಲ್ಲಿ ನಾಟಕ ಕಂಪನಿಯ ಹಾರ್ಮೋನಿಯಂ ಮೇಷ್ಟ್ರು ಸ್ವರ ಹಾಕಿಟ್ಟ ನೋಟ್ ಪುಸ್ತಕವೋ, ಅಜ್ಜಿ ಬರೆದುಕೊಂಡ ದೇವರನಾಮಗಳ ಪುಸ್ತಕವೋ, ಗುರುಗಳು ಕೊಟ್ಟ ಕೀರ್ತನೆಗಳ ಪ್ರತಿಯೋ ಇರಬಹುದು. ದಯವಿಟ್ಟು ಅದನ್ನು ಹಳೆಯ ಪೇಪರಿನ ಜೊತೆ ತೂಕಕ್ಕೆ ಹಾಕಬೇಡಿ. ಬರೆದವರ ಹೆಸರು, ಊರು, ಗೊತ್ತಿದ್ದರೆ ಕಾಲ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ಫೋಟೋ ತೆಗೆಸಿ ಒಂದು ಪ್ರತಿಯನ್ನು ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ಕೊಡಿ. ದತ್ತಿ ಇಡುವ ಶಕ್ತಿಯುಳ್ಳವರು ಉಪನ್ಯಾಸಕ್ಕೆ ಇಟ್ಟಂತೆಯೇ ಹಸ್ತಪ್ರತಿಗಳ ದುರಸ್ತಿಗೂ ಸಂಪಾದನೆಗೂ ಇಡಿ. ಟ್ಯೂರಿನ್ನಿನ ಇಬ್ಬರು ತಂದೆಯರು ಮಾಡಿದ್ದು ಅಷ್ಟೇ. ಅದರಿಂದ ಜಗತ್ತಿಗೆ ವಿವಾಲ್ಡಿ ಮರಳಿ ಸಿಕ್ಕಿದ.